ಪರದೆಯ ಮೇಲೆ ನೆಗೆಯುವ ಕಣ್ಣು

ಕಳೆದ ವರ್ಷ ಚಿಕ್ಕಬಾಣಾವರದ ರೈಲು ನಿಲ್ದಾಣದಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನ ಪರದೆಯ ಮೇಲೆ ವಿದ್ಯಾರ್ಥಿವೇತನದ ಪ್ರಕಟಣೆಯೊಂದನ್ನು ಓದುತ್ತಿದ್ದಳು. ಗಾಡಿ ಬಂದಿತು, ಆಕೆ ಹತ್ತಿದಳು. ಅರ್ಜಿಗೆ ಮರುದಿನವೇ ಕೊನೆಯ ದಿನವೆಂಬ ಮಾತು ಏಳನೆಯ ಪರಿಚ್ಛೇದದ ತುದಿಯಲ್ಲಿತ್ತು. ಅದು ಅವಳ ಕಣ್ಣಿಗೆ ಬೀಳಲಿಲ್ಲ, ವೇತನವೂ ದೊರೆಯಲಿಲ್ಲ. ಇದು ಆಕೆಯ ಅಲಕ್ಷ್ಯವೇ? ಬರೆದವರು ಕಣ್ಣಿನ ಸ್ವಭಾವವನ್ನು ಅರಿಯದೆ ಹೋದುದೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಭಾವನೆ.

ಓದುವಾಗ ಕಣ್ಣು ಸಾಲಿನುದ್ದಕ್ಕೂ ನೀರಿನಂತೆ ಹರಿಯುವುದೆಂದು ನಾವು ತಿಳಿದಿರುತ್ತೇವೆ. ವಾಸ್ತವವಾಗಿ ಅದು ಮಿಡತೆಯಂತೆ ನೆಗೆಯುತ್ತದೆ. ಒಂದೆಡೆ ಸುಮಾರು ಕಾಲು ಸೆಕೆಂಡು ನಿಂತು, ಮತ್ತೊಂದೆಡೆಗೆ ಹಾರುತ್ತದೆ. ಹಾರುವಾಗ ಅಕ್ಷರಗಳು ಗ್ರಹಿಕೆಗೆ ಬರುವುದಿಲ್ಲ. 1879ರ ಸುಮಾರಿಗೆ ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜಾವಾಲನ ಪ್ರಯೋಗಶಾಲೆಯಲ್ಲಿ ಈ ನೆಗೆತವನ್ನು ಗುರುತಿಸಿದರು. ನಿಂತಾಗಲೂ ಸ್ಫುಟವಾಗಿ ಕಾಣುವುದು ಸುಮಾರು 2 ಡಿಗ್ರಿ ಕೋನದಷ್ಟು ಭಾಗ ಮಾತ್ರ. ತೋಳನ್ನು ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿರಿ. ಅದರ ಅಗಲ ಹೆಚ್ಚುಕಡಿಮೆ ಅಷ್ಟೇ. 30 ಸೆಂಟಿಮೀಟರು ದೂರದ ಪರದೆಯಲ್ಲಿ ಇದು ಬರಿಯ 1 ಸೆಂಟಿಮೀಟರು!

ಅಂತರಜಾಲದಲ್ಲಿ ಈ ನೆಗೆತ ಇನ್ನೂ ದೊಡ್ಡದಾಗುತ್ತದೆ. ಏಕೆಂದರೆ ಅಲ್ಲಿಗೆ ಬರುವವನು ಸಾಮಾನ್ಯವಾಗಿ ಒಂದೇ ಸಂಗತಿಯನ್ನು ಹುಡುಕಿ ಬಂದಿರುತ್ತಾನೆ. ಜೇಕಬ್ ನೀಲ್ಸನ್ ಎಂಬ ತಜ್ಞರು 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನೂರಕ್ಕೆ 79 ಮಂದಿ ಹೊಸ ಪುಟದ ಮೇಲೆ ಕಣ್ಣಾಡಿಸಿದರೇ ಹೊರತು ಪದಪದವಾಗಿ ಓದಲಿಲ್ಲ. 2006ರಲ್ಲಿ ಕಣ್ಣಿನ ಚಲನೆಯನ್ನೇ ದಾಖಲಿಸಿ ನೋಡಿದಾಗ, ಅನೇಕರ ದೃಷ್ಟಿ ಮೇಲಿನ ಸಾಲುಗಳಲ್ಲಿ ಬಲಕ್ಕೆ ಸಾಗಿ, ಆಮೇಲೆ ಎಡಅಂಚಿನಲ್ಲೇ ಕೆಳಗಿಳಿಯಿತು. ಈ ಹಾದಿಯ ಆಕಾರ ಇಂಗ್ಲಿಷಿನ ಎಫ್ ಅಕ್ಷರದಂತಿದ್ದಿತು.

ಎಡದಿಂದ ಬಲಕ್ಕೆ ಓದುವ ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ಭಾಷೆಯಲ್ಲಿ ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬರುತ್ತದೆ. "ಇಲ್ಲ" ಎಂಬ ನಿಷೇಧವೂ ಅಲ್ಲಿಯೇ ಕುಳಿತಿರುತ್ತದೆ. "ನಿಯಮಗಳಿಗೊಳಪಟ್ಟು ಅಗತ್ಯ ದಾಖಲೆಗಳೊಡನೆ ಸಲ್ಲಿಸಲಾಗುವ ಅರ್ಜಿಗಳನ್ನು ಮಾರ್ಚ್ 31ರ ಅನಂತರ ಸ್ವೀಕರಿಸಲಾಗುವುದಿಲ್ಲ" ಎಂದು ಬರೆದರೆ, ಎಡಅಂಚಿನಲ್ಲಿ ಇಳಿಯುವ ಕಣ್ಣಿಗೆ ದಿನವೂ ಸಿಕ್ಕದು, ನಿಷೇಧವೂ ಸಿಕ್ಕದು. "ಕೊನೆಯ ದಿನ: ಮಾರ್ಚ್ 31" ಎಂದು ಮೊದಲ ಸಾಲಿನಲ್ಲೇ ಬರೆದರೆ ಎರಡು ಮೂರು ನೆಗೆತಗಳಲ್ಲಿ ವಿಷಯ ತಿಳಿಯುತ್ತದೆ. ಸಾರಾಂಶ ಮೊದಲು, ವಿವರ ಅನಂತರ, ವಾಕ್ಯ ಚಿಕ್ಕದು, ಪರಿಚ್ಛೇದಕ್ಕೊಂದೇ ವಿಷಯ, ಅದಕ್ಕೆ ತಕ್ಕ ಶೀರ್ಷಿಕೆ. ಇಷ್ಟು ಸಾಕು.

ನಿಮ್ಮ ಕಾಲೇಜಿನ ಜಾಲತಾಣಕ್ಕೆ ನೀವು ಏನನ್ನಾದರೂ ಬರೆದಾಗ ಒಂದು ಸುಲಭ ಪ್ರಯೋಗ ಮಾಡಿರಿ. ಗೆಳೆಯನೊಬ್ಬನಿಗೆ ಅದನ್ನು ಹತ್ತು ಸೆಕೆಂಡು ತೋರಿಸಿ ಮರೆಮಾಡಿರಿ. ಅವನಿಗೆ ಮುಖ್ಯ ವಿಷಯ ತಿಳಿಯದಿದ್ದರೆ ಅವನನ್ನು ದೂರಬೇಡಿರಿ, ಬರಹವನ್ನು ತಿದ್ದಿರಿ.