ಮರೆತ ಕಾರಿನ ಒಡೆಯರಾರು?

ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ನಿಗಮವು 1962ರ ಆಗಸ್ಟ್ 1ರಂದು ಜನ್ಮ ತಾಳಿದ್ದು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ. ಅಲ್ಲಿಯ ಹಳೆಯ ಕಾರಖಾನೆಗಳು ಅನೇಕ ಮುಚ್ಚಿವೆ. ಅವುಗಳ ಗೋಡೆಯ ಮಗ್ಗುಲಲ್ಲಿ ಧೂಳು ಹೊದ್ದು ನಿಂತ ಕಾರು ಕಂಡರೆ ನಮ್ಮ ಕಾಲುಗಳು ತಾವಾಗಿ ನಿಲ್ಲುತ್ತವೆ. ಹೆಚ್ಚಾಗಿ ಅದು ಕುರ್ಲಾದಲ್ಲಿ ತಯಾರಾದ ಫಿಯೆಟ್ ಇಲ್ಲವೆ ಪದ್ಮಿನಿ.

ಒಡೆಯರನ್ನು ಹುಡುಕಲು ಮೊದಲ ಎಳೆ ನಂಬರ್ ಪ್ಲೇಟು. ಎಂ.ಎಚ್.04 ಎಂದಿದ್ದರೆ ಠಾಣೆಯ ನೋಂದಣಿ. ಎಂ.ವೈ. ಎಂದು ಆರಂಭವಾದರೆ ಹಿಂದಿನ ಮೈಸೂರು ರಾಜ್ಯದ್ದು. ನಮ್ಮಂತೆಯೇ ಊರು ಬಿಟ್ಟು ಬಂದದ್ದೆನ್ನಬೇಕು! ಆದರೆ ಸರಕಾರದ ಜಾಲತಾಣದಲ್ಲಿ ಒಡೆಯರ ಹೆಸರಿನ ಕೆಲವು ಅಕ್ಷರಗಳಷ್ಟೆ ಕಾಣುತ್ತವೆ. ಮುಂದಿನ ದಾರಿ ಬಲ್ಲವರು ಗೇಟಿನ ಕಾವಲುಗಾರ, ಆಫೀಸುಗಳಿಗೆ ಚಹಾ ಒಯ್ದ ಹೋಟೆಲಿನ ಮಾಣಿ, ಹಳೆಯ ಗುಮಾಸ್ತ. ಕಾರು ಯಾವ ಸೇಠರದು, ಅವರ ಮಕ್ಕಳು ಈಗೆಲ್ಲಿರುವರು ಎಂಬುದು ಇವರಿಗೆ ಗೊತ್ತು.

2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ, ಮೂಲರೂಪ ಕೆಡದ ಖಾಸಗಿ ಕಾರು ‘ವಿಂಟೇಜ್’ ಎಂದು ಪ್ರತ್ಯೇಕ ನೋಂದಣಿಗೆ ಅರ್ಹ. ಒಡೆಯರು ತೀರಿಕೊಂಡಿದ್ದಲ್ಲಿ ವಾರಸುದಾರರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, 3 ತಿಂಗಳೊಳಗೆ ತಮ್ಮ ಹೆಸರಿಗೆ ವರ್ಗಾವಣೆ ಕೋರಬೇಕು. ಇದನ್ನರಿಯದ ಮನೆಗಳಿಂದ ಗುಜರಿಯವರು ಅಂಥ ಕಾರನ್ನೂ ಕಬ್ಬಿಣದ ತೂಕಕ್ಕೆ ಒಯ್ಯುವುದುಂಟು. ಸುದ್ದಿ ಅದಕ್ಕೆ ಮೊದಲೇ ಮನೆಯವರಿಗೆ ಮುಟ್ಟಬೇಕು.