ಗರಿ ನೋಡಿದರೆ ಹುಂಜವೋ ಹೇಂಟೆಯೋ ತಿಳಿಯುತ್ತದಾ?

ಕಳೆದ ವರ್ಷ ಊರಿಗೆ ಬಂದ ವ್ಯಾನಿನವನಿಂದ ನಾವು ಹತ್ತು ಕೋಳಿಮರಿ ತಗೊಂಡೆವು. “ಎಲ್ಲಾ ಹೇಂಟೆಯೇ, ಬೇಕಾದರೆ ರೆಕ್ಕೆ ನೋಡಿ” ಅಂತ ಒಂದು ಮರಿಯ ರೆಕ್ಕೆ ಬಿಡಿಸಿ ತೋರಿಸಿದ. ನಾವು ನಂಬಿದೆವು. ದೊಡ್ಡದಾದ ಮೇಲೆ ನೋಡಿದರೆ ಏಳು ಹುಂಜ! ಮೊಟ್ಟೆ ಮಾರಿ ಮಕ್ಕಳ ಪುಸ್ತಕದ ಖರ್ಚು ತೂಗಿಸಬೇಕೆಂದಿದ್ದ ಮನೆಯವರ ಲೆಕ್ಕ ಅಲ್ಲಿಗೇ ತಪ್ಪಿತು.

ರೆಕ್ಕೆ ನೋಡುವ ಕ್ರಮ ಸುಳ್ಳಲ್ಲ. ಹುಟ್ಟಿದ ಒಂದೆರಡು ದಿನದೊಳಗೆ ರೆಕ್ಕೆಯ ಅಂಚಿನಲ್ಲಿ ಎರಡು ಸಾಲು ಪುಟ್ಟ ಗರಿ ಕಾಣುತ್ತದೆ. ಕೆಳಗಿನ ಸಾಲು ಮೇಲಿನದಕ್ಕಿಂತ ಉದ್ದವಿದ್ದರೆ ಹೆಣ್ಣು, ಎರಡೂ ಸಮ ಇದ್ದರೆ ಗಂಡು. ಆದರೆ ಇದು ನಡೆಯುವುದು ಬೇಗ ಗರಿ ಬರುವ ಜಾತಿಯ ಹುಂಜಕ್ಕೆ ನಿಧಾನವಾಗಿ ಗರಿ ಬರುವ ಜಾತಿಯ ಹೇಂಟೆಯನ್ನು ಕೂಡಿಸಿ ಮರಿ ಮಾಡಿದಲ್ಲಿ ಮಾತ್ರ. ಕೋಳಿಯಲ್ಲಿ ಈ ಗುಣ ಹೆಣ್ಣುಮರಿಗೆ ಬರುವುದು ಅಪ್ಪನಿಂದ ಮಾತ್ರ. ಹಾಗಾಗಿ ಅಪ್ಪನಂತೆ ಹೆಣ್ಣುಮರಿಗೆ ಬೇಗ ಗರಿ ಮೂಡುತ್ತದೆ, ಗಂಡುಮರಿಗೆ ತಡ. ನಮ್ಮ ಅಂಗಳದ ಊರಕೋಳಿಗೆ ಅಂಥ ಲೆಕ್ಕದ ಅಪ್ಪ-ಅಮ್ಮ ಎಲ್ಲಿ? ಅದರ ಮರಿಯ ರೆಕ್ಕೆ ಬಿಡಿಸಿ ನೋಡಿ ಪ್ರಯೋಜನವಿಲ್ಲ.

ಮನೆಯ ಕೋಳಿಗಾದರೆ ಎರಡು-ಮೂರು ತಿಂಗಳು ಕಾಯಬೇಕು. ಆಗ ಬೆನ್ನಿನ ಕೊನೆಯಲ್ಲಿ, ಬಾಲದ ಬುಡದ ಹತ್ತಿರದ ಗರಿಯನ್ನು ಮೆಲ್ಲಗೆ ಎತ್ತಿ ನೋಡಿ. ತುದಿ ಚೂಪಾಗಿ, ಉದ್ದಕ್ಕೆ, ಮಿರಿಮಿರಿ ಹೊಳೆಯುತ್ತಿದ್ದರೆ ಹುಂಜ. ತುದಿ ದುಂಡಗಿದ್ದರೆ ಹೇಂಟೆ. ಕುತ್ತಿಗೆಯ ಗರಿಯೂ ಹಾಗೆಯೇ. ಈ ದುಂಡು ತುದಿ ಹೇಂಟೆಯ ಅಂಡಾಶಯದ ಹಾರ್ಮೋನಿನ ಕೆಲಸ. ಅಂಡಾಶಯ ಕೆಟ್ಟುಹೋದರೆ ಮುದಿ ಹೇಂಟೆಗೂ ಹುಂಜದಂಥ ಗರಿ ಬರುವುದುಂಟು. ಅದನ್ನು ಕಂಡು ಹೆದರುವುದು ಬೇಡ.

ಜುಟ್ಟು ಕೆಂಪಾದದ್ದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಎಳೆಯದರಲ್ಲೇ ಕೆಂಪಾದರೆ ಹೆಚ್ಚಾಗಿ ಹುಂಜ, ನಿಜ. ಆದರೆ ಮೊಟ್ಟೆಗೆ ಬರುವ ಹೇಂಟೆಯ ಜುಟ್ಟೂ ಕೆಂಪಾಗುತ್ತದೆ. ಒಮ್ಮೆ ನೆಂಟರು ಬಂದ ದಿನ, ಜುಟ್ಟು ನೋಡಿ ಹುಂಜವೆಂದು ನಾವೇ ಒಂದನ್ನು ಹಿಡಿದು ಕೊಯ್ದೆವು. ಶುಚಿ ಮಾಡುವಾಗ ಹೊಟ್ಟೆಯೊಳಗೆ ಗೊಂಚಲು ಗೊಂಚಲು ಹಳದಿ ಮೊಟ್ಟೆ. ಉಮ್ಮ ಅದನ್ನು ನೋಡಿ, “ಒಂದು ವಾರ ಬಿಟ್ಟಿದ್ದರೆ ಇಡುತ್ತಿತ್ತಲ್ಲ” ಎಂದರು. ಆ ದಿನ ಊಟಕ್ಕೆ ಅವರು ಕೂರಲೇ ಇಲ್ಲ.

ಈಗ ನಮ್ಮಲ್ಲಿ ಮಾರುವ ಅಥವಾ ಕೊಯ್ಯುವ ಮೊದಲು ಕೋಳಿಯನ್ನು ಹಿಡಿದು ಉಮ್ಮನ ಎದುರಿಗೆ ತರುತ್ತೇವೆ. ಅವರು ಕನ್ನಡಕ ಹಾಕಿ ಬಾಲದ ಬುಡದ ಗರಿ ಎತ್ತಿ ನೋಡಿದ ಮೇಲೆಯೇ ಮುಂದಿನ ಮಾತು.