ಭಾಷೆ ಹಲವು, ಹಲಗೆ ಒಂದೇ

ನಮ್ಮ ಡೆಂಕಣಿಕೋಟೆಯ ಮಗುವಿಗೆ ಹಲವು ಭಾಷೆಗಳು ಹೊಸತಲ್ಲ. ಪಾಠವನ್ನು ಕನ್ನಡದಲ್ಲಿ ಓದಿ, ಪೇಟೆಯಲ್ಲಿ ತಮಿಳನ್ನೂ ತೆಲುಗನ್ನೂ ಆಡಿ, ಇಂಗ್ಲಿಷನ್ನೂ ಅಭ್ಯಾಸ ಮಾಡುವ ಮಗುವಿಗೆ ನಾವು ಭಾಷೆಗೊಂದು ಹಲಗೆ ಕೊಡಿಸಿದ್ದೇವೆಯೇ? ಇಲ್ಲ. ಕಂಪ್ಯೂಟರಿನ ಭಾಷೆಗಳಿಗೂ ಇದೇ ನ್ಯಾಯ ಸಲ್ಲುತ್ತದೆ.

ತಮಿಳುನಾಡಿನಲ್ಲಿ 2018ರಿಂದ ಜಾರಿಗೆ ಬಂದ ಪಠ್ಯಕ್ರಮವು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳಿಗೆ ಹನ್ನೊಂದನೆಯ ತರಗತಿಯಲ್ಲಿ ಸಿ ಪ್ಲಸ್ ಪ್ಲಸ್ ಭಾಷೆಯನ್ನೂ, ಹನ್ನೆರಡನೆಯದರಲ್ಲಿ ಪೈಥಾನ್ ಮತ್ತು ಎಸ್‌ಕ್ಯೂಎಲ್ ಭಾಷೆಗಳನ್ನೂ ಗೊತ್ತುಮಾಡಿತು. “ಇವಕ್ಕೆಲ್ಲ ಎಷ್ಟು ಹಣ ಬೇಕಾದೀತು?” ಎಂದು ಪೋಷಕರು ನಮ್ಮನ್ನು ಕೇಳುವುದುಂಟು.

ಪ್ರೋಗ್ರಾಮನ್ನು ಬರೆಯುವ ಹಲಗೆಗೆ ಕೋಡ್ ಎಡಿಟರ್ ಎಂದು ಹೆಸರು. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್ ಅಥವಾ ಇಂಟರ್‌ಪ್ರಿಟರ್ ಬೇರೆಯೇ ವಸ್ತು. ಅದು ಭಾಷೆಗೊಂದು ಬೇಕು. ಎಡಿಟರ್ ಮಾತ್ರ ಒಂದೇ ಸಾಕು. ಸಿ ಪ್ಲಸ್ ಪ್ಲಸ್‌ನಲ್ಲಿ ಪುಷ್ಪಾವರಣವು ಹೇಗೋ ಪೈಥಾನ್‌ನಲ್ಲಿ ಸಾಲಿನ ಮೊದಲು ಬಿಡುವ ಜಾಗವು ಹಾಗೆ. ಕಡತದ ಹೆಸರಿನ ಕೊನೆಯನ್ನು ನೋಡಿ ಭಾಷೆಯನ್ನು ಗುರುತಿಸಿ, ಪದಗಳಿಗೆ ತಕ್ಕ ಬಣ್ಣ ಕೊಡುವುದು ಒಳ್ಳೆಯ ಎಡಿಟರಿನ ಲಕ್ಷಣ.

2003ರಲ್ಲಿ ಬಂದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ವಿಂಡೋಸ್‌ಗೆ ಮಾತ್ರ ಒದಗುತ್ತದೆ. 2005ರಲ್ಲಿ ಬಂದ ಗೀನಿ ಲಿನಕ್ಸ್‌ನಲ್ಲಿಯೂ ವಿಂಡೋಸ್‌ನಲ್ಲಿಯೂ ನಡೆಯುತ್ತದೆ. ಹಳೆಯ ಕಂಪ್ಯೂಟರಿಗೂ ಭಾರವಾಗದು. 2015ರ ವಿಷುಯಲ್ ಸ್ಟುಡಿಯೋ ಕೋಡ್ ಹೆಚ್ಚು ಸೌಕರ್ಯವುಳ್ಳದ್ದು, ಹೆಚ್ಚು ಮೆಮೊರಿಯನ್ನೂ ಬೇಡುವಂಥದು. ಮೂರಕ್ಕೂ ಕಾಸು ಕೊಡಬೇಕಾಗಿಲ್ಲ. ಆದುದರಿಂದ ಎಡಿಟರಿಗಾಗಿ ಸಾಲ ಮಾಡಬೇಡಿರೆಂದು ಪೋಷಕರಲ್ಲಿ ನಮ್ಮ ಬಿನ್ನಹ. ಮನೆಯ ಯಂತ್ರ ಹಳೆಯದಾದರೆ ಗೀನಿಯನ್ನೇ ನಾವು ಸೂಚಿಸುತ್ತೇವೆ.

ಇನ್ನೊಂದು ಮಾತು. ಪ್ರೋಗ್ರಾಮಿನ ನಡುವೆ ನಮ್ಮ ನೆನಪಿಗಾಗಿ ಬರೆದುಕೊಳ್ಳುವ ಟಿಪ್ಪಣಿಯನ್ನು ಯಂತ್ರವು ಲೆಕ್ಕಿಸದೆ ದಾಟಿಹೋಗುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಅದಕ್ಕೆ ಎರಡು ಓರೆಗೆರೆ, ಪೈಥಾನ್‌ನಲ್ಲಿ ಹ್ಯಾಷ್ ಚಿಹ್ನೆ. ಅದರ ಮುಂದೆ “ಇಲ್ಲಿ ಬಡ್ಡಿಯನ್ನು ಲೆಕ್ಕ ಹಾಕಿದೆ” ಎಂದು ಕನ್ನಡದಲ್ಲಿಯೇ ಬರೆಯಬಹುದು. ಯೂನಿಕೋಡ್ ಕನ್ನಡದಲ್ಲಿ ಟೈಪು ಮಾಡಿ, ಕಡತವನ್ನು ಯುಟಿಎಫ್-8 ಕ್ರಮದಲ್ಲಿ ಉಳಿಸಿದರೆ ಅಕ್ಷರಗಳು ಕೆಡುವುದಿಲ್ಲ. ತನ್ನ ಮಾತಿನಲ್ಲಿ ಕಾರಣವನ್ನು ಬರೆಯಬಲ್ಲ ಮಗು ಪಾಠವನ್ನು ಅರಿತುಕೊಂಡಿದೆಯೆಂದೇ ಅರ್ಥ.

ವಿದ್ಯಾರ್ಥಿಗಳೇ, ಅರ್ಧ ಪದವನ್ನು ಬರೆಯುವಷ್ಟರಲ್ಲಿ ಉಳಿದರ್ಧವನ್ನು ತಾನೇ ತುಂಬುವ ಎಡಿಟರುಗಳುಂಟು. ಮೊದಲ ಕೆಲವು ತಿಂಗಳು ಆ ಸೌಕರ್ಯವನ್ನು ನಿಲ್ಲಿಸಿಡಿರಿ. ಕಾಪಿ ಪುಸ್ತಕದ ಮೇಲೆ ಕೈ ತಿದ್ದಿದಂತೆ, ತಪ್ಪು ಮಾಡಿ, ತಪ್ಪನ್ನು ಓದಿ, ತಿದ್ದಿಕೊಳ್ಳಿರಿ. ಒಂದು ಎಡಿಟರನ್ನು ಹಿಡಿದು ಒಂದು ವರ್ಷವಾದರೂ ಬಿಡದಿರಿ. ಹಲಗೆಯನ್ನು ಬದಲಾಯಿಸುತ್ತಲೇ ಇರುವವನಿಗೆ ಅಕ್ಷರ ಕೂಡುವುದು ತಡವಾಗುತ್ತದೆ.